ಗಡಿಕಲ್ಲಿನ ನೆಪ್ಚೂನ್

ಹೊಳಲ್ಕೆರೆಯ ರೇವಣಸಿದ್ದಪ್ಪ ಮೇಷ್ಟ್ರು ಒಂದು ಕಾಲದಲ್ಲಿ ಊರಿಗೆಲ್ಲ ಹೆಸರಾದ ಮಾತುಗಾರರು. ಸಂತೆಯಲ್ಲಿ ಬದನೆಕಾಯಿ ಕೊಳ್ಳಲು ಬಂದವರು ಅವರ ಕೈಗೆ ಸಿಕ್ಕರೆ ಮುಗಿಯಿತು, ಗ್ರಹಣ ಹೇಗೆ ಹಿಡಿಯುತ್ತದೆ ಎಂದು ಹೇಳಲು ಶುರುವಿಟ್ಟು ಬದನೆಕಾಯಿ ಬಾಡುವ ತನಕ ನಿಲ್ಲಿಸಿಕೊಳ್ಳುತ್ತಿದ್ದರು. ನಮ್ಮ ಯಜಮಾನರಿಗೆ ಆಕಾಶದಲ್ಲಿ ಯಾರು ಎಲ್ಲಿದ್ದಾರೆ ಎನ್ನುವುದು ಗೊತ್ತು, ಅಡುಗೆಮನೆಯಲ್ಲಿ ಉಪ್ಪಿನ ಗಡಿಗೆ ಎಲ್ಲಿದೆ ಎನ್ನುವುದು ಗೊತ್ತಿಲ್ಲ ಎಂದು ಹೆಂಡತಿ ಗುರುಬಸಮ್ಮ ಬಾವಿಕಟ್ಟೆಯಲ್ಲಿ ಆಡಿಕೊಳ್ಳುತ್ತಿದ್ದಳು. ಅದು ಮೇಷ್ಟ್ರ ಕಿವಿಗೂ ಬೀಳುತ್ತಿತ್ತು. ಅವರಿಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು.

ಆಮೇಲೆ ಪ್ಲೇಗು ಬಂತು. ಆ ಕಾಲಕ್ಕೆ ಮೈಸೂರು ಸೀಮೆಯಲ್ಲಿ ಪ್ಲೇಗು ಹೊಸದೇನಲ್ಲ. ಇಲಿ ಬಿದ್ದವು ಅಂದರೆ ಜನ ಊರು ಬಿಟ್ಟು ಹೊಲಗಳಲ್ಲಿ ತಡಿಕೆಯ ಗುಡಿಸಲು ಹಾಕಿಕೊಳ್ಳುತ್ತಿದ್ದರು, ತಣ್ಣಗಾದ ಮೇಲೆ ಗೋಡೆಗೆ ಸುಣ್ಣ ಹೊಡೆದು ಮನೆಗೆ ಮರಳುತ್ತಿದ್ದರು. ಆ ವರ್ಷ ಮೇಷ್ಟ್ರ ಗುಡಿಸಲಿನಿಂದ ಗುರುಬಸಮ್ಮ ಮರಳಲಿಲ್ಲ. ಆಗತಾನೇ ಮಾತು ಕಲಿಯುತ್ತಿದ್ದ ಗಂಡುಮಗುವೂ ಮರಳಲಿಲ್ಲ. ಮಣ್ಣು ಕೊಟ್ಟು ಬಂದ ಮೇಷ್ಟ್ರು ಕೈಕಾಲು ತೊಳೆದು, ಗುಡಿಸಲಿನ ಮೂಲೆಯಲ್ಲಿ ಕೂತು, ಅಲ್ಲಿ ಬಿದ್ದಿದ್ದ ಹಳೆಯ ಪಂಚಾಂಗವನ್ನು ಮೊದಲಿನಿಂದ ಓದತೊಡಗಿದರು. ನೋಡಿದವರು ಗಟ್ಟಿ ಗುಂಡಿಗೆ ಎಂದರು. ಗಟ್ಟಿಯೂ ಇಲ್ಲ, ಗುಂಡಿಗೆಯೂ ಇಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದರೆ ಹೇಗೋ ಹಾಗಿತ್ತು ಅವರಿಗೆ. ಚಿವುಟುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು, ನೋವು ಮಾತ್ರ ಬರುತ್ತಿರಲಿಲ್ಲ.

ಉಳಿದವಳು ಮಗಳು ಅನ್ನಪೂರ್ಣ, ಹನ್ನೆರಡು ವರ್ಷದ ಹುಡುಗಿ. ಊರಿಗೆ ಮರಳಿದ ಮೇಲೆ ಅವಳೇ ಒಲೆ ಹಚ್ಚಿದಳು, ಅವಳೇ ಮುದ್ದೆ ತೊಳಸಿದಳು. ಮುದ್ದೆ ಗಂಟುಗಂಟಾದರೂ ಮೇಷ್ಟ್ರು ನುಂಗುತ್ತಿದ್ದರು, ಹದವಾದರೂ ನುಂಗುತ್ತಿದ್ದರು. ಒಂದು ದಿನ ಅವಳು ಬೇಕೆಂದೇ ಸಾರಿಗೆ ಉಪ್ಪು ಹಾಕಲಿಲ್ಲ, ಅಪ್ಪ ಏನಾದರೂ ಅನ್ನಲಿ ಎಂದು. ಅದನ್ನೂ ಉಂಡು ಎದ್ದು ಹೋದರು. ಮಗಳ ಮೇಲೆ ಸಿಟ್ಟಿರಲಿಲ್ಲ, ಪ್ರೀತಿ ಹೋಗಿತ್ತು ಎಂದೂ ಅಲ್ಲ. ಅವಳ ಮುಖದಲ್ಲಿ ತಾಯಿಯ ಹಣೆ ಇತ್ತು, ತಮ್ಮನ ಗಲ್ಲ ಇತ್ತು. ಆ ಕಡೆ ಕಣ್ಣು ಹೋಗದಂತೆ ನೋಡಿಕೊಳ್ಳುವುದು ಅವರಿಗೆ ಅಭ್ಯಾಸವಾಗಿತ್ತು. ಹೆಸರು ಹಿಡಿದು ಕರೆಯುವುದೂ ತಾನಾಗಿಯೇ ನಿಂತುಹೋಗಿತ್ತು.

ಈ ಸುದ್ದಿ ಹೊಸದುರ್ಗದಲ್ಲಿದ್ದ ಗುರುಬಸಮ್ಮನ ಅಕ್ಕ ಮರುಳಸಿದ್ದಮ್ಮನಿಗೆ ಮುಟ್ಟಿತು. ಆಕೆ ಗಾಡಿ ಕಟ್ಟಿಸಿಕೊಂಡು ಬಂದಿಳಿದಳು. ಎರಡು ದಿನ ಮನೆಯಲ್ಲಿದ್ದು ನೋಡಿದಳು. ಮೂರನೆಯ ದಿನ ಬೆಳಗ್ಗೆ ಮೇಷ್ಟ್ರು ಶಾಲೆಗೆ ಹೊರಡುವ ಹೊತ್ತಿಗೆ ಬಾಗಿಲಿಗೆ ಅಡ್ಡ ನಿಂತಳು.

"ಹುಡುಗೀನ ಇವತ್ತು ಸಾಯಂಕಾಲ ಹೊಸದುರ್ಗಕ್ಕೆ ಕರ್ಕಂಡು ಹೋಗ್ತೀನ್ರಿ. ಈ ಮನೇಲಿ ಮಾತೇ ಇಲ್ಲ. ಹಿಂಗೇ ಬಿಟ್ರೆ ಕೂಸು ಮೂಕಿ ಆಗ್ತೈತೆ."

ಒಳಗೆ ಬಾಗಿಲ ಸಂದಿಯಲ್ಲಿ ಅನ್ನಪೂರ್ಣ ಉಸಿರು ಹಿಡಿದು ನಿಂತಿದ್ದಳು. ಅವಳಿಗೆ ಹೊಸದುರ್ಗ ಬೇಡವಾಗಿತ್ತು. ದೊಡ್ಡವ್ವ ಒಳ್ಳೆಯವಳೇ, ಆದರೆ ಅಪ್ಪನನ್ನು ಬಿಟ್ಟು ಹೋದರೆ ಒಲೆ ಹಚ್ಚುವವರು ಯಾರು? ಅಪ್ಪ ಬೇಡ ಅನ್ನಲಿ, ಒಂದು ಸಲ ಅನ್ನಲಿ, ಅಷ್ಟು ಸಾಕಿತ್ತು ಅವಳಿಗೆ. ಮೇಷ್ಟ್ರು ರುಮಾಲು ಸರಿಮಾಡಿಕೊಂಡು, "ಆಗ್ಲಿ" ಎಂದರು. ಅಕ್ಕಿ ತರಲೇ ಅಂದರೂ ಅವರು ಹೇಳುತ್ತಿದ್ದದ್ದು ಅದೇ "ಆಗ್ಲಿ."

ಅವತ್ತು ಶಾಲೆಯಲ್ಲಿ ಸೌರಮಂಡಲದ ಪಾಠ. ಪ್ರತಿ ವರ್ಷ ಮೇಷ್ಟ್ರು ಈ ಪಾಠಕ್ಕಾಗಿ ಹಬ್ಬಕ್ಕೆ ಕಾಯುವ ಹಾಗೆ ಕಾಯುತ್ತಿದ್ದರು. ಈ ವರ್ಷವೂ ರೂಢಿಯ ಬಲದ ಮೇಲೆ, ಬೆಳಗ್ಗೆ ಹೊರಡುವ ಮೊದಲೇ ಮನೆಯಿಂದ ಸಾಮಾನು ಕಟ್ಟಿಕೊಂಡಿದ್ದರು. ಕುಂಬಳಕಾಯಿ, ಗಸಗಸೆ, ಸಾಸಿವೆ, ರಾಗಿ, ಎರಡು ನಿಂಬೆಹಣ್ಣು, ಎರಡು ಎಲಚಿಹಣ್ಣು. ಕಾಳುಗಳು ದೂರಕ್ಕೆ ಕಾಣುವುದಿಲ್ಲವಲ್ಲ, ಒಂದೊಂದರ ಪಕ್ಕ ಒಂದೊಂದು ಬಾವುಟ ನೆಡಬೇಕು. ಅದಕ್ಕೆ ಬಟ್ಟೆ ಬೇಕೆಂದು ಪೆಟ್ಟಿಗೆ ತೆರೆದರು, ಮೇಲೆಯೇ ಇದ್ದ ಹಳದಿ ಸೀರೆಯನ್ನು ತೆಗೆದು ಪರಪರನೆ ಹರಿದರು. ಗುರುಬಸಮ್ಮ ಅದನ್ನು ಉಟ್ಟದ್ದು ಎರಡೋ ಮೂರೋ ಸಲ. ಅನ್ನಪೂರ್ಣ ಪಕ್ಕದಲ್ಲೇ ನಿಂತು ನೋಡಿದಳು, ಏನೂ ಹೇಳಲಿಲ್ಲ. ಆ ಮನೆಯಲ್ಲಿ ಏನೂ ಹೇಳದಿರುವುದನ್ನು ಅವಳೂ ಕಲಿತುಬಿಟ್ಟಿದ್ದಳು.

ಆ ತರಗತಿಯಲ್ಲಿ ಬೇರೆ ಹೆಣ್ಣುಮಕ್ಕಳಿರಲಿಲ್ಲ. ಮೇಷ್ಟ್ರ ಮಗಳು ಎಂಬ ದಾಕ್ಷಿಣ್ಯಕ್ಕೆ ಅನ್ನಪೂರ್ಣಳಿಗೆ ಎಲ್ಲರ ಹಿಂದೆ, ಬಾಗಿಲ ಪಕ್ಕದಲ್ಲಿ ಒಂದು ಮಣೆ ಸಿಕ್ಕಿತ್ತು. ಗ್ರಹಗಳು ಎಷ್ಟು ಎಂದು ಮೇಷ್ಟ್ರು ಕೇಳಿದರು. ಹುಡುಗರು ಒಂದೇ ಉಸಿರಿಗೆ ಒಂಬತ್ತು ಎಂದು ಕೂಗಿ, ದೇವಸ್ಥಾನದ ಕಲ್ಲಿನಲ್ಲಿ ಕಂಡಿದ್ದ ಒಂಬತ್ತೂ ಹೆಸರು ಒಪ್ಪಿಸಿದರು. ಮೇಷ್ಟ್ರು ಅದರಲ್ಲಿ ಒಬ್ಬೊಬ್ಬರನ್ನೇ ಕಳಚಿದರು. ಸೂರ್ಯ ಗ್ರಹವಲ್ಲ, ಅವನು ನಕ್ಷತ್ರ, ಉಳಿದವರೆಲ್ಲ ಅವನ ಸುತ್ತ ತಿರುಗುವವರು. ಚಂದ್ರ ನಮ್ಮ ಭೂಮಿಯ ಸುತ್ತ ತಿರುಗುವವನು. ರಾಹು ಕೇತು ಎಂದು ಆಕಾಶದಲ್ಲಿ ಯಾರೂ ಇಲ್ಲ, ಗ್ರಹಣದ ದಿನ ಬೀಳುವುದು ನೆರಳು. ಹಾಗೆ ನಾಲ್ವರು ಹೋದರೆ ಉಳಿದವರು ಐವರು. ಅವರ ಜೊತೆಗೆ ನಾವು ನಿಂತಿರುವ ಈ ಭೂಮಿಯನ್ನೂ ಸೇರಿಸಿಕೊಳ್ಳಬೇಕು. ಇದು ಹುಡುಗರಿಗೆ ಒಪ್ಪಿಗೆಯಾಗಲಿಲ್ಲ. ತಾವು ಉಚ್ಚೆ ಹೊಯ್ಯುವ ನೆಲ ಗ್ರಹ ಹೇಗಾದೀತು ಎಂದು ಒಬ್ಬನು ಪಿಸುಗುಟ್ಟಿದ, ಪಕ್ಕದವನು ಕಿಸಕ್ಕನೆ ನಕ್ಕ. ಹಿಂದಿನ ಮೇಷ್ಟ್ರಾಗಿದ್ದರೆ ಆ ಮಾತನ್ನೇ ಹಿಡಿದು ಗಂಟೆಗಟ್ಟಲೆ ನಗಿಸುತ್ತಿದ್ದರು. ಈ ಮೇಷ್ಟ್ರು ಮುಂದಿನ ವಾಕ್ಯಕ್ಕೆ ಹೋದರು. ಇನ್ನಿಬ್ಬರಿದ್ದಾರೆ, ಯುರೇನಸ್ ಮತ್ತು ನೆಪ್ಚೂನ್. ಅವರಿಗೆ ಗುಡಿಯಿಲ್ಲ, ವಾರವಿಲ್ಲ, ಶಾಂತಿ ಮಾಡಿಸುವವರೂ ಇಲ್ಲ. ಬರಿಗಣ್ಣಿಗೆ ಕಾಣದಷ್ಟು ದೂರದವರಾದ್ದರಿಂದ ದುರ್ಬೀನು ಬರುವ ತನಕ ಅವರಿದ್ದಾರೆಂದೇ ಯಾರಿಗೂ ಗೊತ್ತಿರಲಿಲ್ಲ. ಮದಕರಿ ನಾಯಕನು ದುರ್ಗದ ಕೋಟೆ ಕಳೆದುಕೊಂಡ ವರ್ಷ ನೆಪ್ಚೂನ್ ಒಂದು ಸುತ್ತಿಗೆ ಹೊರಟಿದ್ದರೆ ಆ ಸುತ್ತು ಇವತ್ತಿಗೂ ಮುಗಿದಿರುವುದಿಲ್ಲ. ಅಲ್ಲಿಂದ ನೋಡಿದರೆ ಸೂರ್ಯನೂ ಒಂದು ಚುಕ್ಕಿಯಷ್ಟೇ.

ಆಗ ಬಾಗಿಲ ಪಕ್ಕದಿಂದ ಅನ್ನಪೂರ್ಣ ಎದ್ದು ನಿಂತಳು. ಶಾಲೆಯಲ್ಲಿ ಅವಳೂ ಉಳಿದವರ ಹಾಗೆ ಅಪ್ಪನನ್ನು ಮೇಷ್ಟ್ರೇ ಎನ್ನಬೇಕಿತ್ತು.

"ಅಷ್ಟು ದೂರ ಇದ್ರೆ ಅದು ಸೂರ್ಯನ್ನ ಬಿಟ್ಟು ಹೋಗಿಬಿಡಲ್ವೇನ್ರಿ ಮೇಷ್ಟ್ರೇ?"

"ಹೋಗಲ್ಲ. ಸೂರ್ಯನ ಸೆಳೆತ ಅಲ್ಲೀ ತನಕ ಐತೆ," ಎಂದರು ಮೇಷ್ಟ್ರು, ಪುಸ್ತಕದಿಂದ ತಲೆಯೆತ್ತದೆ.

ಪುಸ್ತಕದ ಚಿತ್ರದಲ್ಲಿ ಎಂಟೂ ಗ್ರಹಗಳು ಒಂದು ಅಂಗೈ ಜಾಗದಲ್ಲಿ ಸಂತೆ ನೆರೆದ ಹಾಗೆ ಒತ್ತಿಕೊಂಡಿದ್ದವು. ನಿಜವಾದ ದೂರ ತೋರಿಸಬೇಕೆಂದರೆ ಬಯಲಿಗೇ ಹೋಗಬೇಕು. ಬೇರೆ ವರ್ಷಗಳಲ್ಲಿ ಮೇಷ್ಟ್ರು ಶಾಲೆಯ ಅಂಗಳದಲ್ಲೇ ಒಂದಿಷ್ಟು ಸುಳ್ಳು ಲೆಕ್ಕ ಹಾಕಿ ಮುಗಿಸುತ್ತಿದ್ದರು. ಈ ಸಲ ಅಂಗಳದ ತುಂಬ ಪ್ಲೇಗಿನ ಗುಡಿಸಲುಗಳಿಂದ ಬಿಚ್ಚಿ ತಂದ ಗಳ, ತಡಿಕೆಗಳ ರಾಶಿ. ಹಾಗಾಗಿ ಗ್ರಹಗಳು ರಸ್ತೆಗೆ ಬಂದವು. ಶಾಲೆಯ ಕಟ್ಟೆಯ ಮೇಲೆ ಕುಂಬಳಕಾಯಿ ಸೂರ್ಯನಾಗಿ ಕೂತಿತು. ಅಲ್ಲಿಂದ ಕರಿಬಂಡೆಹಟ್ಟಿಯ ಕಡೆಗೆ ನೆಟ್ಟಗೆ ಹೋಗುವ ಗಾಡಿದಾರಿಯಲ್ಲಿ ಬುಧ, ಶುಕ್ರ, ಭೂಮಿ, ಮಂಗಳ ಕೂಗಳತೆಯೊಳಗೇ ನಿಂತರು. ಬುಧ ಗಸಗಸೆಯ ಕಾಳು, ಶುಕ್ರ ಮತ್ತು ಭೂಮಿ ಸಾಸಿವೆ, ಮಂಗಳ ರಾಗಿ. ಗುರು ನಿಂಬೆಹಣ್ಣು, ಅವನು ಸಾಕಷ್ಟು ಆಚೆ. ಶನಿಯೂ ನಿಂಬೆಹಣ್ಣೇ, ಸುತ್ತ ಬಳೆ ಇದೆ ಎಂದು ತೋರಿಸಲು ಅದಕ್ಕೆ ಹುಲ್ಲಿನ ಸಿಂಬಿ. ಯುರೇನಸ್ಸೂ ನೆಪ್ಚೂನೂ ಎಲಚಿಹಣ್ಣು. ಒಬ್ಬೊಬ್ಬರ ಕೈಗೆ ಒಂದೊಂದು ಗ್ರಹ ಬಂತು. ಗಾಳಿಗೆ ಹಾರದಿರಲೆಂದು ಮುತ್ತುಗದ ಎಲೆಯ ಮೇಲಿಟ್ಟುಕೊಳ್ಳಿ, ದಾರಿಯ ಪಕ್ಕದ ಮರದಿಂದ ಒಂದು ಕೊಂಬೆ ಮುರಿದು ಬಟ್ಟೆ ಕಟ್ಟಿ ನೆಡಿ ಎಂದು ಮೇಷ್ಟ್ರು ಹೇಳಿದರು. ದಾರಿಯ ಪಕ್ಕದ ಮರ ಬೇವಿನದು.

ಬುದ್ಧಿ ನೆಟ್ಟಗಿದ್ದ ಯಾವ ದುರ್ಗದ ಸೀಮೆಯ ಮನುಷ್ಯನೂ ಆ ಕಾಲದಲ್ಲಿ ಆ ಕೆಲಸ ಮಾಡುತ್ತಿರಲಿಲ್ಲ. ಬೇವಿನ ಕೊಂಬೆ, ಅರಿಸಿನ ಬಣ್ಣದ ಬಟ್ಟೆ, ಎಲೆಯ ಮೇಲೊಂದು ಎಡೆ, ಇವು ಮಾರಿಯನ್ನು ಸಾಗಹಾಕುವ ಸಾಮಾನು. ಊರಿಗೆ ಜಡ್ಡು ಬಂದರೆ ಮಾರಿಯನ್ನು ಮರ್ಯಾದೆಯಿಂದ ಕರೆದೊಯ್ದು ಗಡಿಯಲ್ಲಿ ಬಿಟ್ಟು ಬರುತ್ತಾರೆ. ಬಿಟ್ಟ ಮೇಲೆ ಅವಳು ಆಚೆಯ ಊರಿನವಳು. ಆಚೆಯ ಊರಿನವರು ಅವಳನ್ನು ತಮ್ಮ ಇನ್ನೊಂದು ಗಡಿಗೆ ನೂಕಬೇಕು. ಇದು ಮೇಷ್ಟ್ರಿಗೆ ಗೊತ್ತಿಲ್ಲದ್ದಲ್ಲ. ಆದರೆ ಅವತ್ತು ಅವರು ಬೇವನ್ನು ನೋಡಿ ಬೇವು ಎಂದುಕೊಳ್ಳುವ ಸ್ಥಿತಿಯಲ್ಲೂ ಇರಲಿಲ್ಲ.

ಮುಂದೆ ಕೂತವರಿಗೆ ಹತ್ತಿರದ ಗ್ರಹಗಳು ಹೋದವು. ಎಲ್ಲರ ಹಿಂದೆ ಕೂತವಳಿಗೆ ಉಳಿದದ್ದು ನೆಪ್ಚೂನ್. ಎಲಚಿಹಣ್ಣಿಗೆ ಚಾಚಿದ ಕೈ ಯಾರದೆಂದು ಮೇಷ್ಟ್ರು ನೋಡಲಿಲ್ಲ. ಹಟ್ಟಿಯ ಗಡಿಕಲ್ಲಿನ ಹತ್ತಿರ ನಿಲ್ಲಬೇಕು, ಕರೆಯುವ ತನಕ ಬರಕೂಡದು ಎಂದರು. ಅನ್ನಪೂರ್ಣ ಎಲೆ ಹಿಡಿದು ಹೊರಟಳು.

ಉಳಿದ ಹುಡುಗರನ್ನು ಕರೆದುಕೊಂಡು ಮೇಷ್ಟ್ರು ಶನಿಯ ತನಕ ನಡೆದರು. ಬಿಸಿಲು ಏರಿತ್ತು. ಅಲ್ಲಿಂದಲೇ ಬೆರಳು ಮಾಡಿ, ಆಚೆ ಕಾಣುವ ಹಳದಿ ಯುರೇನಸ್, ಅದರಾಚೆ ಕಂಡೂ ಕಾಣದ ಹಾಗಿರುವುದು ನೆಪ್ಚೂನ್ ಎಂದು ಹೇಳಿ ಹಿಂದಿರುಗಿದರು. ಬರುತ್ತಾ ಒಬ್ಬೊಬ್ಬ ಗ್ರಹವನ್ನೂ ಕೂಗಿ ಕರೆದುಕೊಂಡರು. ಯುರೇನಸ್ ಆಗಿದ್ದ ಹುಡುಗ ಹಸಿವಾಗಿ ಎಲಚಿಹಣ್ಣು ತಿಂದು, ಕರೆಯದೆಯೇ ಬಂದುಬಿಟ್ಟ. ಶಾಲೆ ಬಿಟ್ಟಿತು. ಮೇಷ್ಟ್ರು ಖಾಲಿ ಕೋಣೆಯಲ್ಲಿ ಸುಮ್ಮನೆ ಕೂತರು. ಈಚೆಗೆ ದಿನವೂ ಹಾಗೆ ಕೂರುತ್ತಿದ್ದರು, ಮನೆಗೆ ಹೋಗಬೇಕೆಂದು ಅನ್ನಿಸುತ್ತಿರಲಿಲ್ಲ.

ಅವರು ಮನೆಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಬಾಗಿಲಲ್ಲಿ ಗಾಡಿ ನಿಂತಿತ್ತು, ಅನ್ನಪೂರ್ಣಳ ಬಟ್ಟೆಯ ಗಂಟು ಗಾಡಿಯಲ್ಲಿತ್ತು. ಹುಡುಗಿ ಎಲ್ಲಿ ಎಂದು ಮರುಳಸಿದ್ದಮ್ಮ ಕೇಳಿದಳು. ಬರುತ್ತಾಳೆ ಎಂದು ಮೇಷ್ಟ್ರು ಜಗಲಿಯ ಮೇಲೆ ಕೂತರು. ಶಾಲೆ ಬಿಟ್ಟು ಎಷ್ಟು ಹೊತ್ತಾಯಿತು, ನಿಮ್ಮ ಜೊತೆಯಲ್ಲೇ ತಾನೇ ಬಂದದ್ದು ಎಂದು ಆಕೆ ಮತ್ತೆ ಕೇಳಿದಳು. ಆಗ ಮೇಷ್ಟ್ರಿಗೆ ಎಲೆ ಹಿಡಿದ ಸಣ್ಣ ಕೈ ನೆನಪಿಗೆ ಬಂತು. ಅದು ಯಾರ ಕೈ ಎಂದು ಆಗ ಹೊಳೆಯಿತು. ಅವರು ಎದ್ದು, ಮೆಟ್ಟು ಮೆಟ್ಟಿಕೊಳ್ಳದೆ ನಡೆದರು.

ಗಡಿಕಲ್ಲಿನ ಆಚೆ ಹಟ್ಟಿಯ ಜನ ಗುಂಪಾಗಿ ನಿಂತಿದ್ದರು. ಕೆಲವರ ಕೈಯಲ್ಲಿ ಬಡಿಗೆ ಇತ್ತು. ಈಚೆ, ಬೇವಿನ ಕೊಂಬೆಯ ಪಕ್ಕ, ಅನ್ನಪೂರ್ಣ ಎಲೆ ಹಿಡಿದುಕೊಂಡು ಬೆಳಗ್ಗೆ ನಿಂತ ಹಾಗೆಯೇ ನಿಂತಿದ್ದಳು. ತುಟಿ ಒಣಗಿ ಬಿಳಿಚಿತ್ತು. ಯಾರೂ ಅವಳನ್ನು ಮುಟ್ಟಿರಲಿಲ್ಲ, ಬಿಟ್ಟೂ ಇರಲಿಲ್ಲ. ಹಟ್ಟಿಯ ಯಜಮಾನ ಪಾಲಯ್ಯ, ನರೆತ ಮೀಸೆಯವನು, ಮೇಷ್ಟ್ರನ್ನು ಅಲ್ಲೇ ನಿಲ್ಲಿ ಎಂದು ಕೈ ಅಡ್ಡ ಮಾಡಿದ. ಹೋದ ವರ್ಷ ಯಾರೋ ಹೀಗೆಯೇ ಮಾರಿಯನ್ನು ತಮ್ಮ ಗಡಿಗೆ ತಂದು ಬಿಟ್ಟರು, ಹಟ್ಟಿಯ ಅರ್ಧ ಗುಡಿಸಲುಗಳು ಖಾಲಿಯಾದವು, ಈ ಸಲ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದ. ಹೊತ್ತು ಮುಳುಗುವುದರೊಳಗೆ, ಮಾರಿಯನ್ನು ಹೊತ್ತು ಬಂದ ಹುಡುಗಿಯನ್ನು ಹೊರಗಿನಿಂದ ಹೊರಗೇ ಸುತ್ತು ಹಾಕಿಸಿ, ಗುಡ್ಡದ ಆಚೆಯ ಗಡಿಗೆ ನಡೆಸಬೇಕೆಂದು ಅವರು ತೀರ್ಮಾನ ಮಾಡಿದ್ದರು. ಗುಡ್ಡದಲ್ಲಿ ಚಿರತೆ ಇದ್ದದ್ದು ಎಲ್ಲರಿಗೂ ಗೊತ್ತಿತ್ತು.

ಮೇಷ್ಟ್ರು ವಿವರಿಸಿದರು. ಬೆಳಗಿನ ಅದೇ ದನಿಯಲ್ಲಿ, ಶಾಲೆಯ ಕಟ್ಟೆಯ ಮೇಲೆ ಸೂರ್ಯನಿದ್ದಾನೆ, ಎಂಟು ಗ್ರಹಗಳಿವೆ, ಇದು ಕೊನೆಯದು, ಇದು ಮಾರಿಯಲ್ಲ, ಎಲಚಿಹಣ್ಣು ಎಂದರು. ಪಾಲಯ್ಯ ತಾಳ್ಮೆಯಿಂದ ಕೇಳಿದ. ಕೇಳಿ ಮುಗಿಸಿ, ಅದೆಲ್ಲ ಇರಲಿ, ಈ ಕೂಸು ಯಾರದು ಎಂದ.

"ನನ್ನ ಮಗಳು."

ಗುಂಪಿನಿಂದ ಬೋರಕ್ಕ ಎಂಬ ಹೆಂಗಸು ಮುಂದೆ ಬಂದಳು. ಹೋದ ವರ್ಷ ಇಬ್ಬರು ಮಕ್ಕಳನ್ನು ಮಣ್ಣು ಮಾಡಿದವಳು.

"ಸುಳ್ಳು ಹೇಳ್‌ಬ್ಯಾಡ್ರಿ. ಮಾರಿ ಜೊತೆ ಕಳಿಸೋದು ಯಾರೂ ಇಲ್ಲದೋರನ್ನ ಅಂತ ನಮಗೂ ಗೊತ್ತೈತೆ. ನಾನೇ ಕೇಳೀನಿ ಈ ಕೂಸಿನ್ನ. ನೀನು ಹೋದ್ರೆ ಅಳೋರು ಯಾರವ್ವ ಅದಾರೆ ಅಂದೆ. ಯಾರೂ ಇಲ್ಲ ಅಂತು."

ಮೇಷ್ಟ್ರು ಮಗಳ ಕಡೆ ತಿರುಗಿದರು. ಎಷ್ಟೋ ತಿಂಗಳಿನಿಂದ ನೋಡದ ಮುಖವನ್ನು ಪೂರ್ತಿ ನೋಡಿದರು. ಬೋರಕ್ಕ ಹೇಳಿದ್ದು ಸುಳ್ಳು ಎಂದು ಅವಳು ಅನ್ನಲಿಲ್ಲ. ಅಪ್ಪನ ಮೇಲೆ ಸಿಟ್ಟಿಗೆ ಹೇಳಿದ ಮುಖವೂ ಅದಲ್ಲ. ಕೇಳಿದ್ದಕ್ಕೆ ತನಗೆ ತಿಳಿದ ಉತ್ತರ ಹೇಳಿದ್ದಳು, ಅಷ್ಟೇ.

"ಅವಳು ಹೇಳಿದ್ದು ಸರಿಯಾಗೇ ಐತೆ," ಎಂದರು ಮೇಷ್ಟ್ರು. ಮಾತು ನಿಧಾನವಾಗಿ ಬಂತು. "ಅವಳವ್ವ ಹೋದಾಗ ನಾನು ಅಳ್ಲಿಲ್ಲ. ಮಗ ಹೋದಾಗ್ಲೂ ಅಳ್ಲಿಲ್ಲ. ನೋಡಿದ ಕೂಸು ಇನ್ನೇನು ಅಂತೈತೆ? ಇವತ್ತು ಇವಳನ್ನ ಇಲ್ಲಿ ನಿಲ್ಲಿಸಿ ಮರ್ತು ಮನೆಗೆ ಹೋದೆ. ಆದ್ರೆ ಇವಳು ನನ್ನ ಮಗಳೇ ಕಣಯ್ಯ. ಇವಳನ್ನ ಬಿಟ್ರೆ ನನಗೆ ಯಾರೂ ಇಲ್ಲ."

ಬಡಿಗೆ ಹಿಡಿದವರು ನೆಲ ನೋಡಿದರು. ಮೊದಲು ಅತ್ತವಳು ಬೋರಕ್ಕ. ಸೆರಗು ಬಾಯಿಗೆ ಒತ್ತಿಕೊಂಡು, ಮಾರಿ ಗೀರಿ ಎಲ್ಲ ಮರೆತು ಗಡಿಕಲ್ಲು ದಾಟಿ ಬಂದು, ತಂಬಿಗೆಯ ನೀರನ್ನು ಹುಡುಗಿಯ ಬಾಯಿಗೆ ಹಿಡಿದಳು. ಪಾಲಯ್ಯ ಮಾತ್ರ ಯಜಮಾನ, ಹಟ್ಟಿಯ ಹೊಣೆ ಅವನದು. ಹುಡುಗಿಯನ್ನು ಕರೆದೊಯ್ಯಿರಿ, ಆದರೆ ಬೇವು, ಬಟ್ಟೆ, ಎಲೆ ಒಂದನ್ನೂ ಇಲ್ಲಿ ಬಿಡಬೇಡಿ, ನಿಮ್ಮ ಮನೆಯೊಳಗೇ ಇಟ್ಟುಕೊಳ್ಳಿ ಎಂದ. ಮೇಷ್ಟ್ರು ಕೊಂಬೆ ಕಿತ್ತು ಹೆಗಲ ಮೇಲಿಟ್ಟುಕೊಂಡರು. ತಮ್ಮ ಮನೆಗೆ ಮಾರಿ ಬಂದು ಹೋಗಿ ಆಗಿದೆ ಎಂದರು.

"ಅನ್ನಪೂರ್ಣ, ಬಾ," ಎಂದು ಮಗಳನ್ನು ಕರೆದರು.

ಅಪ್ಪ ಮಗಳು ಊರಿಗೆ ಮರಳಿದರು. ಮನೆಯ ಮುಂದೆ ಗಾಡಿ ನಿಂತೇ ಇತ್ತು. ನಡೆದದ್ದನ್ನು ಕೇಳಿದ ಮರುಳಸಿದ್ದಮ್ಮ ಮೇಷ್ಟ್ರಿಗೆ ಬಾಯಿಗೆ ಬಂದದ್ದೆಲ್ಲ ಬೈದಳು. ಬೈದು ಮುಗಿಯುವ ತನಕ ಮೇಷ್ಟ್ರು ತಲೆ ತಗ್ಗಿಸಿ ನಿಂತಿದ್ದು, ಹುಡುಗಿ ಎಲ್ಲಿಗೂ ಬರುವುದು ಬೇಡ, ಇಲ್ಲೇ ಇರಲಿ ಎಂದರು. ಬೆಳಗ್ಗೆ ಬಾಗಿಲ ಸಂದಿಯಲ್ಲಿ ನಿಂತು ಅನ್ನಪೂರ್ಣ ಕಾದದ್ದು ಈ ಮಾತಿಗೇ. ಈಗ ಅವಳು ಅಪ್ಪನ ಹೆಗಲ ಮೇಲಿನ ಕೊಂಬೆಯನ್ನು ತೆಗೆದು ಗೋಡೆಗೆ ಒರಗಿಸಿದಳು.

"ನಾನು ಹೋಗ್ತೀನಪ್ಪ," ಎಂದಳು.

ಅಪ್ಪನನ್ನು ನೋಯಿಸುವುದಕ್ಕೆ ಅಂದದ್ದಲ್ಲ. ದಣಿದಿದ್ದಳು. ಮಾತಾಡುವವರಿರುವ ಮನೆಯಲ್ಲಿ ಮಲಗಬೇಕು ಅನ್ನಿಸಿತ್ತು. ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ಮೇಷ್ಟ್ರು ಬೀದಿಯಲ್ಲಿ ನಿಂತಿದ್ದರು. ಆಮೇಲೂ ನಿಂತಿದ್ದರು. ಎದೆಯಲ್ಲಿ ಏನಾದರೂ ಆಗುತ್ತದೇನೋ ಎಂದು ಕಾದರು, ಏನೂ ಆಗಲಿಲ್ಲ. ಒಳಗೆ ಹೋಗಿ, ಬೆಳಗಿನ ತಂಗಳು ಮುದ್ದೆ ಉಂಡರು. ಅದು ಗಂಟುಗಂಟಾಗಿತ್ತು ಎಂದು ಅವತ್ತು ಗೊತ್ತಾಯಿತು.

ಮಾರನೆಯ ವಾರ ಅವರು ಹೊಸದುರ್ಗದ ಕಡೆ ವರ್ಗ ಬೇಕೆಂದು ಮೇಲಿನವರಿಗೆ ಬರೆದುಕೊಂಡರು. ಅಲ್ಲಿ ಖಾಲಿಯಿದ್ದದ್ದು ಅಕ್ಷರ ತಿದ್ದಿಸುವ ಸಣ್ಣ ಶಾಲೆಯ ಕೆಲಸ, ಸಂಬಳವೂ ಕಡಿಮೆ. ಮಿಡ್ಲ್ ಸ್ಕೂಲಿನ ಮೇಷ್ಟ್ರು ಕೇಳಿಕೊಂಡು ಕೆಳಕ್ಕೆ ಇಳಿಯುವುದುಂಟೇ, ಪಾಪ, ತಲೆ ಕೆಟ್ಟಿದೆ ಎಂದು ಸಂತೆಯಲ್ಲಿ ಜನ ಮಾತಾಡಿಕೊಂಡರು. ಯುಗಾದಿ ಕಳೆದ ಮೇಲೆ ಅಪ್ಪಣೆ ಬಂತು.

ಪೆಟ್ಟಿಗೆ ಹೊತ್ತು ಅವರು ಮರುಳಸಿದ್ದಮ್ಮನ ಮನೆ ಮುಟ್ಟಿದಾಗ ಅನ್ನಪೂರ್ಣ ಜಗಲಿಯಲ್ಲಿ ಕೂತು ಹುಣಿಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಮೈ ಕೈ ತುಂಬಿಕೊಂಡಿದ್ದಳು. ತಲೆಯೆತ್ತಿ ನೋಡಿ, ಶಾಲೆಗೆ ರಜವೇ ಎಂದು ಕೇಳಿದಳು. ರಜವಲ್ಲ, ಇನ್ನು ಇಲ್ಲೇ ಇರುತ್ತೇನೆ ಎಂದರು ಮೇಷ್ಟ್ರು. ಅವಳು ಪೆಟ್ಟಿಗೆಯನ್ನು ನೋಡಿದಳು, ಧೂಳು ಹಿಡಿದ ಅವರ ಕಾಲನ್ನು ನೋಡಿದಳು. ಎದ್ದು ಒಳಗೆ ಹೋದಳು. ಮೇಷ್ಟ್ರು ಜಗಲಿಯ ಅಂಚಿನಲ್ಲಿ, ಪೂರ್ತಿ ಕೂರಲು ಧೈರ್ಯವಿಲ್ಲದವರಂತೆ ಕೂತರು. ಒಳಗಿನಿಂದ ಅವಳ ದನಿ ಕೇಳಿಸಿತು.

"ದೊಡ್ಡವ್ವ, ಹಿಟ್ಟು ಇನ್ನೊಂದಿಷ್ಟು ಹಾಕು. ನಮ್ಮಪ್ಪ ಬಂದೈತೆ."

ಮೇಷ್ಟ್ರು ರುಮಾಲು ತೆಗೆದು ಮುಖಕ್ಕೆ ಒತ್ತಿಕೊಂಡು ಅತ್ತರು. ಬೀದಿಯಲ್ಲಿ ಹೋಗುವವರು ನಿಂತು ನೋಡಿ, ಯಾರ ಮನೆಯ ನೆಂಟರೋ ಎಂದು ಮುಂದೆ ಹೋದರು.